‘ಅಯ್ಯೋ ಪಾಪ’ ಎಂದದ್ದಕ್ಕೆ ಕೈಬಿಟ್ಟ ವಿಮೆ

ವಿಮಾ ಕಂಪನಿಯ ಪರಿಹಾರ ವಿಭಾಗದ ಮುಖ್ಯಾಧಿಕಾರಿಗಳೇ,

ರೋಗಿಯೊಬ್ಬರ ಮಂಚದ ಪಕ್ಕ ನಿಂತು ನಾನು ‘ಅಯ್ಯೋ ಪಾಪ’ ಎಂದೆ. ಅದನ್ನು ತಪ್ಪೊಪ್ಪಿಗೆಯೆಂದು ತೀರ್ಮಾನಿಸಿ ನೀವು ನನ್ನ ವೃತ್ತಿ ವಿಮೆಯ ರಕ್ಷಣೆಯನ್ನು ಹಿಂತೆಗೆದುಕೊಂಡಿರಿ. ನಿಮ್ಮ ವಕೀಲರ ಭಾಷಾ ಪಾಂಡಿತ್ಯಕ್ಕೆ ದೊಡ್ಡ ನಮಸ್ಕಾರ.

ನಾನು ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಪಾದವೈದ್ಯೆ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ. ಆಣಿ, ಒಳಬೆಳೆದ ಉಗುರು, ಸಕ್ಕರೆ ಕಾಯಿಲೆಯವರ ಹುಣ್ಣು, ಇಷ್ಟೇ ನನ್ನ ಪ್ರಪಂಚ. ಶಾಲೆಯೊಂದರ ಡ್ರಿಲ್ ಮೇಷ್ಟ್ರು ಹೆಬ್ಬೆರಳಿನಡಿಯ ಹುಣ್ಣು ತೋರಿಸಲು ಬರುತ್ತಿದ್ದರು. ‘ಮಾಯೋವರೆಗೂ ಓಡಬೇಡಿ ಮೇಷ್ಟ್ರೇ’ ಎಂದು ಬಾರಿಬಾರಿಗೂ ಹೇಳಿದ್ದೆ. ಅವರು ಕ್ರೀಡಾಕೂಟದಲ್ಲಿ ಶಿಕ್ಷಕರ ಓಟಕ್ಕೆ ಇಳಿದರು. ಹುಣ್ಣು ಕೊಳೆತು ಆಸ್ಪತ್ರೆಯಲ್ಲಿ ಬೆರಳು ತೆಗೆಯಬೇಕಾಯಿತು. ನೋಡಲು ಹೋದೆ. ಮೈದಾನ ನಡುಗಿಸುತ್ತಿದ್ದ ದನಿ ಇಳಿದುಹೋಗಿತ್ತು. ‘ಇನ್ನು ಓಡೋಕಾಗುತ್ತಾ ಡಾಕ್ಟ್ರೇ?’ ಎಂದರು. ಆಗ ಬಾಯಿಂದ ಬಂದ ಮಾತದು. ಪಾಲಿಸಿಯ ಷರತ್ತುಗಳನ್ನು ಓದಿಕೊಂಡು ಆಮೇಲೆ ಮರುಗಬೇಕಿತ್ತೇ?

ಪಕ್ಕದಲ್ಲಿದ್ದ ಮೇಷ್ಟ್ರ ಅಣ್ಣ ಆ ಮಾತನ್ನೇ ಹಿಡಿದು, ನನ್ನ ಚಿಕಿತ್ಸೆಯೇ ಸರಿಯಿಲ್ಲವೆಂದು ವೈದ್ಯಕೀಯ ಮಂಡಳಿಗೆ ದೂರು ಕೊಟ್ಟರು. ವಿಮೆ ಇರುವುದು ಇಂಥ ದಿನಕ್ಕೇ ಅಲ್ಲವೇ? ನಿಮ್ಮ ಕಚೇರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

‘ಪಾಪ ಅಂದ್ರಾ ಮೇಡಂ? ನಿಮ್ಮ ಬಾಯಿಂದಾನೇ?’

‘ಮರುಕಕ್ಕೆ ಅಂದೆ ಕಣ್ರೀ.’

‘ಮರುಕ ನಮ್ಮ ಪಾಲಿಸಿಲಿ ಬರಲ್ಲ ಮೇಡಂ.’

‘ಪಾಪವೆಂದರೆ ದುಷ್ಕೃತ್ಯ, ವಿಮಾದಾರರೇ ಒಪ್ಪಿಕೊಂಡಿದ್ದಾರೆ’ ಎಂಬ ಉತ್ತರ ಬಂತು, ಮಂಡಳಿಯೆದುರು ನನ್ನ ಪರ ನಿಲ್ಲಬೇಕಿದ್ದ ನಿಮ್ಮ ವಕೀಲರು ಬರಲಿಲ್ಲ. ‘ಬಾಯಿ ಬಿಟ್ರೆ ಬಣ್ಣಗೇಡು’ ಎಂದು ಗೊಣಗಿದ ನನ್ನ ಅತ್ತೆಯೇ ವಿಚಾರಣೆಗೆ ಜತೆಯಾದವರು.

ಅಲ್ಲಿ ಮೇಷ್ಟ್ರು ಊರುಗೋಲಿನ ಮೇಲೆ ಬಂದು ನಿಂತರು. ‘ಓಡಬೇಡಿ ಅಂತ ಡಾಕ್ಟ್ರು ಹೇಳಿದ್ರು. ನಾನೇ ಓಡ್ದೆ. ಎರಡನೇ ಬಹುಮಾನಾನೂ ಬಂತು’ ಎಂದರು.

‘ಮತ್ತೆ ಅವರ್ಯಾಕೆ ಪಾಪ ಅನ್ನಬೇಕಿತ್ತು?’ ಎಂದು ಅಣ್ಣ ಗದರಿದರು.

‘ನೀನು ಅನ್ಲಿಲ್ವಲ್ಲ, ಅದಕ್ಕೆ.’

ದೂರು ವಜಾ ಆಯಿತು. ಹೊರಡುವಾಗ ಅಣ್ಣ ತಮ್ಮನ ತೋಳಿಗೆ ಹೆಗಲು ಕೊಟ್ಟರು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ನಿಮ್ಮ ಮೇಲಿನದು ಇಳಿದಿಲ್ಲ. ಏಕೆಂದರೆ ಈಗ ನೀವು ಅಭಿನಂದನೆ ತಿಳಿಸಿ, ‘ರೋಗಿಗಳೆದುರು ಕನಿಕರಸೂಚಕ ಪದಗಳನ್ನು ಬಳಸುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ವಿಮೆ ನವೀಕರಿಸುವೆವು ಎಂದಿದ್ದೀರಿ. ವಿಮೆಯಿಲ್ಲದೆ ಕ್ಲಿನಿಕ್ ತೆರೆಯುವಂತಿಲ್ಲವೆಂಬುದು ನಿಮಗೆ ಚೆನ್ನಾಗಿ ಗೊತ್ತು. ಬೆರಳು ಕಳೆದುಕೊಂಡವರಿಗೆ ನಾನೇನು ಹೇಳಲಿ ಸ್ವಾಮಿ? ಉಳಿದ ಒಂಬತ್ತಕ್ಕೆ ಶುಭಾಶಯ ಕೋರಲೇ?

ಆ ಷರತ್ತನ್ನು ಕಿತ್ತುಹಾಕಿ, ವಿಮೆಯನ್ನು ಮೊದಲಿನಂತೆ ಕೊಡಿ. ನನ್ನ ಬೀಗ ಹಾಕಿದ ಬಾಗಿಲಿನೆದುರು ಕಾಲೂರಬಾರದವರು ನಿಂತು ಕಾಯುತ್ತಿದ್ದಾರೆ. ಮುಚ್ಚಳಿಕೆಗೆ ಸಹಿ ಮಾತ್ರ ಹಾಕಲಾರೆ.

ಇಂತಿ,
ದಿನವಿಡೀ ಊರವರ ಕಾಲು ಹಿಡಿದರೂ
ನಿಮ್ಮ ಕಾಲು ಹಿಡಿಯಲೊಲ್ಲದ
ಪಾದವೈದ್ಯೆ