ಗೌಂಡಿ ಮುತ್ಯಾನ ಮುಂದಿಟ್ಟ ಹಲಗೆ

ಗೌಂಡಿ ಮುತ್ಯಾ,

ಕನ್ನಡ ಶಾಲೆಯಲ್ಲಿ ನಮ್ಮ ಟೀಚರು ಪತ್ರ ಬರೆಯುವುದನ್ನು ಕಲಿಸುವಾಗ ಮೊದಲು ‘ನಾವಿಲ್ಲಿ ಕ್ಷೇಮ’ ಎಂದು ಬರೆಸುತ್ತಿದ್ದರು. ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನಿನ್ನ ಕ್ಷೇಮ ಕೇಳುವುದೂ ದಂಡ. ನಿನಗೇನಾಗಿದೆ? ದಿನಾ ಮೇಣದ ಬತ್ತಿ, ಹೂವಿನ ಹಾರ, ಮಳೆ ಬಿಸಿಲು ತಾಕದ ಗೂಡು. ಆ ಗೂಡು ಕಟ್ಟಿದ ಗೌಂಡಿ ಧರ್ಮಣ್ಣ, ನನ್ನ ಗಂಡ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಎನ್ನುತ್ತಾರೆ ನಮ್ಮ ಸುರಪುರದ ಕಡೆ. ನಾನು ಹೇಳದೆ ಸುಮ್ಮನಿದ್ದೆ, ಬೇರೆಯವರು ಆ ಹೆಸರನ್ನು ಬಾಯಿಗೆ ಬಂದಂತೆ ಆಡಿದರು. ಅದಕ್ಕೇ ಈಗ ನಾನೇ ಬರೆಯುತ್ತಿದ್ದೇನೆ.

ನಿನ್ನ ನಿಜವಾದ ಹೆಸರು ಸಂತ ತೋಮಾಸರು ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಮರಾಠಿ ಸೀಮೆಗೆ ದುಡಿಯಲು ಬಂದ ನಾವು ಯೆರವಡಾದ ಬಸ್ತಿಯಿಂದ ದಿನಾ ಟೆಂಪೋ ಹತ್ತಿ ಶಿರೂರು ರಸ್ತೆಯ ನಿನ್ನ ಚರ್ಚಿಗೆ ಕೆಲಸಕ್ಕೆ ಬರುತ್ತಿದ್ದೆವು. ಕಂತ್ರಾಟುದಾರ ಸುಹಾಸ ಶೇಟ ಗಂಟೆಗೋಪುರದ ಕೆಲಸ ಹಿಡಿದಿದ್ದ. ಗೋಪುರದ ನಡುವೆ ನಿನ್ನ ಮೂರ್ತಿ ಇಡಲು ಒಂದು ಗೂಡು ಆಗಬೇಕಿತ್ತು. ನನ್ನ ಗಂಡ ಗೌಂಡಿ, ನಾನು ಕಲಸಿದ ಸಿಮೆಂಟು ಮಾಲಿನ ಬುಟ್ಟಿ ಹೊರುವ ಬಿಗಾರಿ. ಮೊದಲ ದಿನ ಒಳಗೆ ಗೋಡೆಗೆ ಒರಗಿಸಿಟ್ಟಿದ್ದ ನಿನ್ನನ್ನು ನೋಡಿ ಅವರ ಮುಖ ಅರಳಿಬಿಟ್ಟಿತು. “ನೋಡಲೇ ಶರಣಿ, ಒಂದು ಕೈಯಾಗ ಮೂಲೆಮಟ್ಟ, ಒಂದು ಕೈಯಾಗ ಅಳತಿ ಕೋಲು. ಇಂವ ನಮ್ಮಂವ ಅದಾನ. ಗೌಂಡಿ ಮುತ್ಯಾ” ಎಂದರು. ಅವತ್ತೇ ಒಂದು ಕಾಯಿ ತಂದು ನಿನ್ನ ಮುಂದೆ ಒಡೆದು ಕೆಲಸ ಶುರು ಮಾಡಿದರು. ಅಲ್ಲಿಂದ ನೀನು ನಮಗೆಲ್ಲ ಮನೆಯ ಅಜ್ಜನಂತೆ ಮುತ್ಯಾನಾದೆ.

ಅದು ಅಳತೆ ಕೋಲಲ್ಲ ಎಂದು ತಿದ್ದಿದವರು ಸುಂದರ ಮಾಸ್ತರರು. ಚರ್ಚು ನೋಡಿಕೊಳ್ಳುವ ಅವರು ಬೆಟಗೇರಿಯ ಕಡೆಯವರು, ನಮ್ಮ ಕನ್ನಡ ಕಿವಿಗೆ ಬಿದ್ದರೆ ಕುರ್ಚಿ ಬಿಟ್ಟು ಎದ್ದು ಬರುತ್ತಿದ್ದರು. “ಅದು ಈಟಿ ಧರ್ಮಣ್ಣ. ಆ ಈಟಿಲೇ ಇವರನ್ನ ತಿವಿದು ಕೊಂದ್ರು” ಎಂದರು. ಬುತ್ತಿ ಬಿಚ್ಚುವ ಹೊತ್ತಿಗೆ ಸಿಮೆಂಟಿನ ಚೀಲದ ಮೇಲೆ ಕುಳಿತು ನಿನ್ನ ಕತೆಯನ್ನು ದಿನಕ್ಕಿಷ್ಟು ಹೇಳಿದರು. ಒಬ್ಬ ಅರಸ ನಿನ್ನ ಕೈಗೆ ಬಂಗಾರ ಕೊಟ್ಟು ಅರಮನೆ ಕಟ್ಟು ಎಂದನಂತೆ. ನೀನು ಅದನ್ನೆಲ್ಲ ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಎದ್ದಿದೆ ಎಂದೆಯಂತೆ. ಅರಸ ನಿನ್ನನ್ನು ಸೆರೆಗೆ ಹಾಕಿದನಂತೆ. ನನ್ನ ಗಂಡ ರೊಟ್ಟಿ ಮುರಿಯುತ್ತ, “ಅದೆಲ್ಲ ಚಲೋ ಆತ್ರಿ. ಆದರ ಆಮ್ಯಾಲ ಈ ಮುತ್ಯಾಗ ಕೆಲಸ ಯಾರ ಕೊಟ್ರು?” ಎಂದು ಕೇಳಿದಾಗ ಮಾಸ್ತರರಿಗೆ ನಗು ತಡೆಯಲಾಗಲಿಲ್ಲ.

ನಿನ್ನ ಗುರು ಸತ್ತು ಎದ್ದು ಬಂದರೆಂದು ಉಳಿದ ಶಿಷ್ಯರು ಹೇಳಿದಾಗ ನೀನು ನಂಬಲಿಲ್ಲವಂತೆ. ಶಿಲುಬೆಯ ಮೊಳೆ ಹೊಡೆದ ಗಾಯದಲ್ಲಿ ಬೆರಳಿಟ್ಟು ನೋಡುವವರೆಗೆ ನಂಬುವುದಿಲ್ಲ ಎಂದು ಹಟ ಹಿಡಿದೆಯಂತೆ. ಮಾಸ್ತರರು ಅದನ್ನು ನಿನ್ನ ತಪ್ಪೆಂಬಂತೆ ಹೇಳಿದರು. ನನ್ನ ಗಂಡ ಒಪ್ಪಲಿಲ್ಲ. “ತಪ್ಪೇನ್ರಿ ಮಾಸ್ತರ? ದಾರದ ಗುಂಡು ಬಿಟ್ಟು ನೋಡದ ಗ್ವಾಡಿ ನೆಟ್ಟಗದ ಅಂತ ಯಾವ ಗೌಂಡಿ ನಂಬ್ತಾನ?” ಎಂದರು. ನನಗೆ ನೀನು ಹಿಡಿಸಿದ್ದು ಅವತ್ತೇ. ಕೊನೆಗೆ ನೀನು ತೆಂಕಣ ಸೀಮೆಯ ಒಂದು ಗುಡ್ಡದಲ್ಲಿ ಪ್ರಾರ್ಥನೆಗೆ ಕುಳಿತಿದ್ದಾಗ ಈಟಿಯಿಂದ ತಿವಿದರು ಎಂದು ಕೇಳಿ ಕಣ್ಣೀರನ್ನೂ ಹಾಕಿದೆ. ಆ ಕಣ್ಣೀರು ಈಗ ವಾಪಸು ಬೇಕೆನಿಸುತ್ತದೆ.

ನಿನ್ನ ಹಬ್ಬ ಹತ್ತಿರ ಬಂದಿತ್ತು. ಒಂದು ಸಂಜೆ ನನ್ನ ಗಂಡ ಗೋಪುರಕ್ಕೆ ಬಿದಿರು, ಹಲಗೆ ಕಟ್ಟಿ ನಿಲ್ಲಿಸಿದ್ದ ಪರಾಂಚಿಯಿಂದ ಇಳಿದು ಬಂದು, “ಶೇಟ, ಮ್ಯಾಲಿನ ಹಲಗಿ ಹುಳ ತಿಂದದ, ಅದರ ಮ್ಯಾಲ ನಿಲ್ಲಾಕ ಬರೂದಿಲ್ಲ” ಎಂದರು. ಸುಹಾಸ ಶೇಟ ಫೋನಿನಿಂದ ತಲೆ ಎತ್ತದೆ “ಉದ್ಯಾ ಬಘೂ” ಎಂದ, ನಾಳೆ ನೋಡೋಣ ಎಂದು. ಮಾಸ್ತರರು ಅಲ್ಲೇ ನಿಂತಿದ್ದರು. “ಹೌದ್ರಿ, ಹಲಗಿ ಬದಲಿ ಮಾಡ್ರಿ” ಎಂದು ಅವರೂ ಒಂದು ಮಾತು ಸೇರಿಸಿದರು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ ಮುತ್ಯಾ. ನಿನಗೂ ಕೇಳಿಸಿರಬೇಕು, ಆಗ ನಿನ್ನ ಮೂರ್ತಿ ಬಾಗಿಲ ಹತ್ತಿರವೇ ಇತ್ತು.

ಬೆಳಗಾದಾಗ ಅದೇ ಹಲಗೆ ಇತ್ತು. ಹತ್ತುವುದಿಲ್ಲ ಎಂದರೆ ನಾಳೆಯಿಂದ ಬರಬೇಡ ಎಂದ ಶೇಟ. ಅವರು ಹತ್ತಿದರು. ನಿನ್ನ ಗೂಡಿನ ಒಳಗೆಲ್ಲ ಗಿಲಾವು ಮುಗಿದಿತ್ತು, ಮೇಲಿನ ಕಮಾನಿನ ಅಂಚೊಂದು ಉಳಿದಿತ್ತು. ನಾನು ಕೆಳಗೆ ಬುಟ್ಟಿ ತುಂಬುತ್ತಿದ್ದೆ. ಹಲಗೆ ಮುರಿದ ಸದ್ದಿಗೆ ತಲೆ ಎತ್ತುವಷ್ಟರಲ್ಲಿ ಅವರು ನನ್ನ ಪಕ್ಕದ ಜಲ್ಲಿಯ ಮೇಲೆ ಬಿದ್ದಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

ಪೊಲೀಸರು ಬಂದಾಗ ಶೇಟ ಹೇಳಿದ್ದು ಒಂದೇ ಮಾತು: “ದಾರೂ ಪಿಊನ್ ಪಡ್ಲಾ.” ಕುಡಿದು ಬಿದ್ದನಂತೆ. ನಮ್ಮ ಕಡೆಯ ಸಂತ ತಿಂಥಣಿ ಮೋನಪ್ಪಯ್ಯನ ಒಕ್ಕಲಾಗಿ ಕುಡಿತ ಮುಟ್ಟದ ನನ್ನ ಗಂಡ, ಹೆಂಡದ ವಾಸನೆ ಬಂದರೆ ಬಸ್ಸಿನಲ್ಲಿ ಸೀಟು ಬಿಟ್ಟು ಏಳುವ ಮನುಷ್ಯ. ನಾನು ಮಾಸ್ತರರ ಮುಖ ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ನೆಲ ನೋಡುತ್ತ “ನಾನು ಒಳಗ ಇದ್ದೆ, ನನಗೇನೂ ಗೊತ್ತಿಲ್ರಿ” ಎಂದರು. ಹೊಸ ಗಂಟೆಯನ್ನು ಕಾಣಿಕೆ ಕೊಡುವವನು ಸುಹಾಸ ಶೇಟನೇ ಎಂದು ನನಗೆ ಆಮೇಲೆ ತಿಳಿಯಿತು. ನೀನು ಗುರುವಿನ ಮಾತನ್ನೇ ಪರೀಕ್ಷೆ ಮಾಡದೆ ನಂಬಲಿಲ್ಲ. ಇಲ್ಲಿ ಶೇಟನ ಮಾತನ್ನು ಎಲ್ಲರೂ ನಿಂತ ಕಾಲಲ್ಲಿ ನಂಬಿದರು. ಆ ಗುಂಪಿನಲ್ಲಿ ನಿನ್ನಂಥ ಸಂಶಯದವನು ಒಬ್ಬನಿದ್ದರೂ ಆಗುತ್ತಿತ್ತು.

ಊರಲ್ಲಿ ಮಣ್ಣು ಮಾಡಿ ಬಂದೆವು. ಪರಿಹಾರ ಇಲ್ಲವೆಂದರು, ಹೋಗಲಿ, ನನ್ನ ರಟ್ಟೆಯಲ್ಲಿ ಶಕ್ತಿ ಇದೆ. ಆದರೆ ಶಾಲೆಯ ಮಕ್ಕಳು ನಮ್ಮ ಮಗಳು ನೀತಾಳನ್ನು ‘ದಾರುಡ್ಯಾಚಿ ಪೋರ್ಗಿ’, ಕುಡುಕನ ಮಗಳು, ಎಂದು ಕರೆಯತೊಡಗಿದರು. ಒಂದು ದಿನ ಬಂದು “ಅವ್ವಾ, ಅಪ್ಪ ಖರೇನ ಕುಡೀತಿದ್ನೇನ?” ಎಂದು ಕೇಳಿದಳು. ಇಲ್ಲವೆಂದೆ. ನನ್ನ ಮುಖವನ್ನೇ ನೋಡಿ, ಪಾಟಿಚೀಲ ಎತ್ತಿಕೊಂಡು ಹೊರಗೆ ಹೋದಳು. ಅವಳು ನಂಬಲಿಲ್ಲ ಎಂದು ನನಗೆ ತಿಳಿಯಿತು. ಗಂಡ ಸತ್ತ ದಿನಕ್ಕಿಂತ ಆ ದಿನ ನನಗೆ ಹೆಚ್ಚು ಸಂಕಟವಾಯಿತು.

ಈ ಜುಲೈಯಲ್ಲಿ ನಿನ್ನ ಹಬ್ಬಕ್ಕೆ ನೀತಾಳನ್ನು ಕರೆದುಕೊಂಡು ಮತ್ತೆ ಬಂದೆ. ನಿನ್ನ ಚರ್ಚಿನ ಪದ್ಧತಿ ನಿನಗೆ ಗೊತ್ತೇ ಇದೆ. ಸುತ್ತಲಿನ ಗೌಂಡಿಗಳೆಲ್ಲ, ಯಾವ ಧರ್ಮದವರೇ ಇರಲಿ, ಗಾರೆ ಮೆತ್ತುವ ಕರಣಿ, ಗುಂಡು, ಮೂಲೆಮಟ್ಟ ತಂದು ನಿನ್ನ ಮುಂದೆ ಇಡುತ್ತಾರೆ. ಫಾದರು ನೀರು ಚಿಮುಕಿಸುತ್ತಾರೆ. ಆಮೇಲೆ ಹರಕೆ ಫಲಿಸಿದವರು ಮೈಕಿನ ಮುಂದೆ ಬಂದು ಸಾಕ್ಷಿ ಹೇಳುತ್ತಾರೆ. ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿರುವ ನಿನ್ನ ಎಲುಬಿನ ಚೂರಿಗೆ ಸಾಲುಗಟ್ಟಿ ಮುತ್ತಿಡುತ್ತಾರೆ. ನಿನ್ನ ಚೂರು ಎಲುಬಿಗೆ ಇಷ್ಟು ಮರ್ಯಾದೆ. ನನ್ನ ಗಂಡನ ರಕ್ತವನ್ನು ಅವತ್ತೇ ಟ್ಯಾಂಕರಿನ ನೀರು ಬಿಟ್ಟು ತೊಳೆದಿದ್ದರು.

ನಾನು ಕರಣಿ ತರಲಿಲ್ಲ, ಹಲಗೆ ತಂದೆ. ಮುರಿದ ಕಟ್ಟಿಗೆಯನ್ನು ನಾವು ಹೆಂಗಸರು ಒಲೆಗೆಂದು ಮನೆಗೆ ಒಯ್ಯುತ್ತೇವಲ್ಲ, ಹಾಗೆ ಅವರ ಕಾಲಡಿ ಮುರಿದ, ಹುಳ ತಿಂದ ಹಲಗೆಯ ತುಂಡೂ ನನ್ನ ಪಾಲಿಗೆ ಬಂದಿತ್ತು. ಉರಿಗೆ ಹಾಕಲು ಕೈ ಬರಲಿಲ್ಲ. ಅದನ್ನು ಕರಣಿಗಳ ನಡುವೆ ಇಟ್ಟು ಮೈಕಿನ ಮುಂದೆ ನಿಂತೆ. ಸುಹಾಸ ಶೇಟ ಮುಂದಿನ ಬೆಂಚಿನಲ್ಲಿದ್ದ. “ನಾನೂ ಸಾಕ್ಷಿ ಹೇಳಾಕ ಬಂದೀನಿ. ನನ್ನ ಗಂಡ ಕುಡಿದು ಬೀಳಲಿಲ್ಲ, ಈ ಹಲಗಿ ಮುರದು ಬಿದ್ರು. ಸುಂದರ ಮಾಸ್ತರ, ನೀವ ಹೇಳಿದ ಕತಿ ಅದ. ಬರ್ರಿ, ಈ ಹುಳ ತಿಂದ ತೂತಿನಾಗ ಬೆರಳು ಇಟ್ಟು ನೋಡ್ರಿ” ಎಂದೆ.

ಮಾಸ್ತರರು ಎದ್ದರು. ಹಲಗೆಯನ್ನು ನೋಡಿದರು. ಹತ್ತಿರ ಬಂದು, ನನ್ನನ್ನು ದಾಟಿ ಹೋಗಿ, ಮೈಕಿನ ಸ್ವಿಚ್ಚು ಆರಿಸಿದರು.

ಫಾದರು ಮುಂದಿನ ಹಾಡು ಹೇಳಿಸಿದರು. ಜನ ಮೇಲೆ ಎದ್ದು ನಿನ್ನ ಎಲುಬಿನ ಸಾಲಿಗೆ ಹೊರಟರು. ಆ ಗದ್ದಲದಲ್ಲಿ ನೀತಾ ಕರಣಿಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತಿದ್ದನ್ನು ಯಾರೂ ನೋಡಲಿಲ್ಲ. ಅವಳು ಹಲಗೆಯ ತೂತಿನಲ್ಲಿ ಬೆರಳು ಹಾಕಿದಳು. ಬೆರಳು ಪೂರ್ತಿ ಒಳಗೆ ಹೋಯಿತು. ತೆಗೆದಾಗ ಹಿಟ್ಟು ಮೆತ್ತಿದಂತೆ ಕಟ್ಟಿಗೆಯ ಪುಡಿ ಅಂಟಿಕೊಂಡಿತ್ತು. ಅದನ್ನು ಒರೆಸಿಕೊಳ್ಳದೆ ನನ್ನ ಕಡೆ ನೋಡಿ, “ಅವ್ವಾ, ಅಪ್ಪ ಕುಡೀತಿದ್ದಿಲ್ಲ” ಎಂದಳು. ಈ ಸಲ ಅವಳು ಕೇಳಲಿಲ್ಲ, ಹೇಳಿದಳು.

ಇದಕ್ಕೆ ನಿನಗೆ ಉಪಕಾರ ಹೇಳುವುದಿಲ್ಲ. ನೀನೇನೂ ಮಾಡಲಿಲ್ಲ. ಗಂಟೆಯ ಮೇಲೆ ಸುಹಾಸ ಶೇಟನ ಹೆಸರು ಹಾಗೇ ಇದೆ, ಪೊಲೀಸರ ಕಾಗದದಲ್ಲಿ ನನ್ನ ಗಂಡ ಇನ್ನೂ ಕುಡುಕನೇ. ಮಾಸ್ತರರನ್ನು ನಾನು ಕ್ಷಮಿಸುವುದಿಲ್ಲ, ಅವರ ಪರವಾಗಿ ನೀನು ಕೇಳಲೂ ಬೇಡ. ಮುಂದಿನ ಹಬ್ಬಕ್ಕೆ ನನ್ನ ದಾರಿ ನೋಡಬೇಡ. ಆದರೂ ನೀನು ನಮ್ಮ ಕಸುಬಿನವನು, ಬರಿಗೈಯಲ್ಲಿ ಬೀಳ್ಕೊಡಲು ಮನಸ್ಸು ಬಾರದು. ನಿನ್ನ ಗೂಡು ಗಟ್ಟಿಯಾಗಿರಲಿ ಮುತ್ಯಾ. ಗಾಳಿ ಮಳೆ ಬಂದರೂ ಅದರೊಳಗೆ ಹೆದರದೆ ನಿಲ್ಲು. ಅದನ್ನು ಕಟ್ಟಿದವರು ಕುಡಿದಿರಲಿಲ್ಲ.

ಇಂತಿ,
ಗೌಂಡಿ ಧರ್ಮಣ್ಣನ ಹೆಂಡತಿ
ಶರಣಮ್ಮ