ಹೂವಿನ ಮನೆಗೊಂದು ಗವಾಕ್ಷಿ

ಹೂವಿನಹಡಗಲಿ
೧೨ ಆಗಸ್ಟ್ ೧೯೯೮, ಬುಧವಾರ

ಪ್ರೀತಿಯ ಮಗ ಪ್ರವೀಣಕುಮಾರನಿಗೆ ನಿನ್ನ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪ? ಗುಲ್ಬರ್ಗದ ಖಾನಾವಳಿ ಊಟ ಹೊಟ್ಟೆಗೆ ಒಗ್ಗಿತೇ? ಬ್ಯಾಂಕಿನವರು ನಿನ್ನನ್ನು ಅಲ್ಲಿಗೆ ವರ್ಗ ಮಾಡಿದಾಗಿನಿಂದ ನನಗೆ ನಿನ್ನ ಊಟದ್ದೇ ಚಿಂತೆ. ಮಜ್ಜಿಗೆ ಬಿಡಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಮಗಳು ಸುಕನ್ಯಾಳ ಉಬ್ಬಸವೂ ಇಳಿದಿದೆ. ಹೇಗೆ ಇಳಿಯಿತೆಂದು ಹೇಳುತ್ತೇನೆ, ಸಿಟ್ಟಾಗುವುದಿದ್ದರೆ ಮೊದಲು ಕುಳಿತುಕೋ.

ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಸರು ಹಿಡಿದು ಮಗುವಿಗೆ ಉಸಿರು ಕಟ್ಟುತ್ತಿದೆ ಎಂದು ನಾನು ಬರೆದಿದ್ದಕ್ಕೆ ನೀನೇನು ಉತ್ತರ ಕೊಟ್ಟೆ? ಗಂಗಾಂಬಿಕಾ ಮನೆ ಚೊಕ್ಕ ಇಡುವುದಿಲ್ಲ, ಬ್ಯಾಂಕಿನವನ ಹೆಂಡತಿ ಹೂವು ಕಟ್ಟಿ ಮಾರಿದ್ದು ಸಾಕು, ಕೇಳದಿದ್ದರೆ ಕೋಗಳಿಯ ತವರಿಗೆ ಹೋಗಲಿ ಎಂದು. ಬೂಸರು ಗೋಡೆಗೆ, ಬೈಗುಳ ಸೊಸೆಗೆ! ಪಾಪ, ಅವಳು ತಿಕ್ಕಿ ತಿಕ್ಕಿ ಕೈ ಸುಲಿದುಕೊಂಡಳು. ತಿಕ್ಕಿದರೆ ಹೋಗುತ್ತಿತ್ತು, ವಾರದೊಳಗೆ ಮತ್ತೆ ಬರುತ್ತಿತ್ತು. ಮೊಗ್ಗು ಅರಳಬಾರದೆಂದು ಒದ್ದೆ ಅರಿವೆಯಲ್ಲಿ ಸುತ್ತಿ ಗಾಳಿಯಾಡದ ಕೋಣೆಯಲ್ಲಿಡುವುದು ನಮ್ಮ ಹೂವಿನ ಮನೆಗಳ ಪದ್ಧತಿ. ಹಳೆಯ ಮಣ್ಣಿನ ಮನೆಯಲ್ಲಿ ಅದು ನಡೆಯಿತು. ಗೋಡೆ ಪಸೆ ಹೀರುತ್ತಿತ್ತು, ಉಳಿದದ್ದು ಮಾಳಿಗೆಯ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು. ನೀನು ಕಟ್ಟಿಸಿದ್ದು ಆರ್‌ಸಿಸಿ ಮನೆ. ಗವಾಕ್ಷಿ ಇಲ್ಲ, ಗೋಡೆಗೆ ಎಣ್ಣೆ ಬಣ್ಣ, ಧೂಳು ಬರುತ್ತದೆಂದು ಕಿಟಕಿ ತೆಗೆಯಬಾರದೆಂಬ ನಿನ್ನ ಅಪ್ಪಣೆ ಬೇರೆ. ಆ ಪಸೆ ಎಲ್ಲಿಗೆ ಹೋಗಬೇಕು, ನಿನ್ನ ಬ್ಯಾಂಕಿಗೇ?

ಅದಕ್ಕೇ ಗೌಂಡಿ ಓಬಣ್ಣನನ್ನು ಕರೆಸಿ, ಮಲಗುವ ಕೋಣೆಯಲ್ಲಿ ಸೂರಿನ ಕೆಳಗೆ ಗೋಡೆ ಒಡೆಸಿ ಗವಾಕ್ಷಿ ಇಡಿಸಿದ್ದೇನೆ. "ಸಾಹೇಬ್ರು ಬೈತಾರ್ರಿ ಅವ್ವಾರ" ಎಂದು ಅವನು ಹಿಂದೆಮುಂದೆ ನೋಡಿದ. "ಸಾಹೇಬನ್ನ ಹಡದಾಕಿ ನಾನು, ನೀ ಒಡಿಯೋ" ಎಂದೆ. ಆ ಕೋಣೆಯಲ್ಲಿಡುತ್ತಿದ್ದ ಮೊಗ್ಗಿನ ಬುಟ್ಟಿಗಳು ಪಡಸಾಲೆಗೆ ಹೋದವು. ಒದ್ದೆ ಚೀಲ ಹೊದಿಸಿದರೆ ಅಲ್ಲಿಯೂ ಅರಳದೆ ಇರುತ್ತವೆ. ಒಗೆದ ಬಟ್ಟೆಯನ್ನು ಒಳಗೆ ಹರವುವುದನ್ನೂ ಬಿಟ್ಟೆವು. ಮಲಗುವ ಕೋಣೆಯಲ್ಲಿ ಒಂದು ತಟ್ಟೆ ಹರಳುಪ್ಪು ಇಟ್ಟಿದ್ದೇವೆ. ಅದು ಒದ್ದೆಯಾದರೆ ಗೋಡೆಗೆ ಬೂಸರು ಬರುವ ಕಾಲ ಬಂತೆಂದೇ ಲೆಕ್ಕ. "ಅತ್ತಿ, ಉಪ್ಪು ಹಸಿ ಆಗೈತ್ರಿ" ಎಂದು ಸೊಸೆ ಕೂಗಿದರೆ ಸಾಕು, ಮಳೆ ನಿಂತು ಬಿಸಿಲು ಬಿದ್ದ ಹೊತ್ತು ನೋಡಿ ಎದುರುಬದುರಿನ ಕಿಟಕಿ ತೆಗೆಯುತ್ತೇವೆ. ಮೋಡ ಕವಿದರೆ ಮುಚ್ಚುತ್ತೇವೆ. ಬೂಸರು ಮತ್ತೆ ತಲೆ ಹಾಕಿಲ್ಲ. ಮಗು ಬೆಳಗಿನ ತನಕ ಕೆಮ್ಮದೆ ಮಲಗುತ್ತಾಳೆ, ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ನಿನ್ನ ಬಣ್ಣದ ಗೋಡೆ ಒಂದು ಕಡೆ ಕೆಟ್ಟಿದೆ, ಕೆಡಲಿ. ಧೂಳು ಬರುತ್ತದೆ, ಬರಲಿ, ಕಸಬರಿಗೆ ಇದೆ. ಸೊಸೆ ಹೂವು ಕಟ್ಟುವುದನ್ನು ಬಿಡುವುದಿಲ್ಲ, ನಾನು ಬಿಡಿಸುವುದೂ ಇಲ್ಲ. ನೀನು ಬಿ.ಕಾಂ. ಓದಿದ್ದು ನಾನು ಕಟ್ಟಿದ ಹೂವಿನಿಂದ ಎಂಬುದನ್ನು ನಿನ್ನ ಸಾಹೇಬಿಕೆ ಮರೆತಿರಬಹುದು.

ಶಿವ ನಿನಗೆ ಆಯುಷ್ಯ ಕೊಡಲಿ, ಜೊತೆಗೆ ಒಂದಿಷ್ಟು ತಿಳಿವಳಿಕೆಯನ್ನೂ ಕೊಡಲಿ.

ನಿನ್ನ ಅವ್ವ,
ಪಂಪಮ್ಮ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯ ಮಾತೇ ಬಿಟ್ಟಿದ್ದೆ. ಗಂಗಾಂಬಿಕಾ ತವರಿಗೆ ಹೋಗಲಿ ಎಂದು ಇನ್ನೊಮ್ಮೆ ಬರೆದರೆ ಅವಳು ಖಂಡಿತ ಹೋಗುತ್ತಾಳೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಬಸ್ಸಿನಲ್ಲಿ ನಾನೂ ಹೋಗುತ್ತೇನೆ. ಮನೆಯ ಬೀಗದ ಕೈ ನಿನಗೆ ರಿಜಿಸ್ಟರ್ ಟಪಾಲಿನಲ್ಲಿ ಬರುತ್ತದೆ.