ಮೂರನೇ ಮತಕ್ಕೆ ಗೈರು

ಪ್ರೀತಿಯ ಅಕ್ಕ,

ನಾಳೆಯ ನಮ್ಮ ಪತ್ರಿಕೆಯಲ್ಲಿ ನಿನ್ನ ಹೆಸರು ಬರುತ್ತದೆ. ಚುನಾವಣೆಗೆ ಮುನ್ನ, ಯಾವ ಸದಸ್ಯರು ಸದನದಲ್ಲಿ ಹೇಗೆ ಮತ ಹಾಕಿದರು ಎಂಬ ಪಟ್ಟಿಯನ್ನು ನಮ್ಮಲ್ಲಿ ನಾನೇ ಸಿದ್ಧಪಡಿಸುವುದು, ನಿನಗೆ ಗೊತ್ತು. ರೈಲು ಟಿಕೆಟ್ ದರಕ್ಕೆ ಮಿತಿ ಹಾಕುವ ಮಸೂದೆ ಮೂರು ಸಲ ಬಂತು. ಮೊದಲೆರಡು ಸಲ ದೊಡ್ಡ ಅಂತರದಲ್ಲಿ ಬಿತ್ತು. ನಿನ್ನ ಹೆಸರಿನ ಮುಂದೆ ಇರುವುದು: ಪರ, ಪರ, ಗೈರು.

"ಬರೀ ಗೈರು ಅಂತ ಹಾಕಬೇಡ ಕಣೋ, ಯಾಕೆ ಅಂತಾನೂ ಬರಿ" ಎಂದು ನೀನು ಫೋನಿನಲ್ಲಿ ಹೇಳಿದೆ. ಯಾಕೆಂದು ನನಗೆ ಗೊತ್ತಿದೆ. ಎದುರು ಪಕ್ಷದ ಹಿರಿಯರೊಬ್ಬರು ಆ ದಿನ ಮಗಳ ಮದುವೆ ಎಂದರು. ಆ ಕಡೆ ಒಬ್ಬರು ಇಲ್ಲದಿದ್ದರೆ ಈ ಕಡೆಯವರೊಬ್ಬರು ಹೊರಗುಳಿದು ಲೆಕ್ಕ ಸರಿಮಾಡುವುದು ನಿಮ್ಮ ಸದನದ ಹಳೆಯ ಮರ್ಯಾದೆ. ಎಲ್ಲ ಬಾಯಿಮಾತಿನಲ್ಲೇ. ನೀನು ಒಪ್ಪಿದೆ. ಮತದಾನದ ಗಂಟೆ ಬಾರಿಸಿದಾಗ ನೀನು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆ. ಅವರು ಮದುವೆಯ ಬಟ್ಟೆಯಲ್ಲೇ ಬಂದು ವಿರುದ್ಧ ಮತ ಹಾಕಿ ಹೋದರು. ಎರಡೂ ಕಡೆ ಸಮ. ಸಮವಾದರೆ ಮಸೂದೆ ಬೀಳುತ್ತದೆ. ಬಿತ್ತು.

ಮಿತಿಯಿಲ್ಲದೆ ದರ ಏರಿತು. ನಮ್ಮ ತಂಗಿಯ ಸಂಬಳದ ಅರ್ಧ ರೈಲಿಗೇ ಹೋಗತೊಡಗಿದ ಮೇಲೆ ಅವಳು ಆಸ್ಪತ್ರೆಯ ಲ್ಯಾಬಿನ ಕೆಲಸ ಬಿಟ್ಟಳು. ಈಗ ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ ನಿಂತು ಕೆಮ್ಮಿನ ಸಿರಪ್ ಮಾರುತ್ತಾಳೆ. "ಅಕ್ಕ ವಿರುದ್ಧ ಹಾಕಿದ್ರೆ ಚೆನ್ನಾಗಿ ಉಗೀಬಹುದಿತ್ತು. ಟೋಪಿ ಹಾಕಿಸ್ಕೊಂಡೋಳನ್ನ ಏನಂತ ಬೈಯೋದು?" ಎಂದಳು. ಅಮ್ಮ, "ಟೀ ಆದ್ರೂ ಬಿಸಿ ಇತ್ತಂತಾ?" ಎಂದು ಕೇಳಿದಳು. ಯಾರೂ ನಗಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು, ಆ ಹಿರಿಯರ ಮೇಲೋ ನಿನ್ನ ಮೇಲೋ. ಬರಲಿಲ್ಲ. ಪುಟ ತಿದ್ದುವಾಗ ನಿನ್ನ ಹೆಸರು ಬಂತು. ಅಕ್ಷರ ಸರಿಯಿದೆಯೇ ನೋಡಿ ಮುಂದಿನ ಹೆಸರಿಗೆ ಹೋದೆ.

ಸಂಪಾದಕರು ತಾವಾಗಿಯೇ, "ನಿಮ್ಮಕ್ಕ ಅಲ್ವೇನ್ರೀ, ಕೆಳಗೆ ಒಂದು ಸಾಲು ಹಾಕ್ರಿ" ಎಂದರು. ಬೇಡವೆಂದವನು ನಾನು. ನಿನಗೆ ಹಾಕಿದರೆ ಗೈರಾದ ಎಲ್ಲರಿಗೂ ಹಾಕಬೇಕು. ಅಲ್ಲದೆ, ತಂಗಿಯ ಕೆಲಸ ಹೋದದ್ದಕ್ಕೆ ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ.

ಪುಟ ಅಚ್ಚಿಗೆ ಹೋಗಿದೆ. ಬೇರೆಯವರು ಓದಿ ಹೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಇದನ್ನು ಈಗಲೇ ನಿನ್ನ ಮನೆಗೆ ಕಳಿಸುತ್ತಿದ್ದೇನೆ. ಗೆದ್ದು ಬಾ ಎನ್ನಲು ಬಾಯಿ ಬರುತ್ತಿಲ್ಲ. ಸೋಲು ಎನ್ನಲೂ ಬರುತ್ತಿಲ್ಲ. ಆರೋಗ್ಯವಾಗಿರು.

ನಿನ್ನ ತಮ್ಮ